ಮೂರನೇ ಮದ್ದು

2017ರಲ್ಲಿ ನನ್ನ ಎಡ ಸ್ತನ ತೆಗೆದರು. ಕೀಮೋ, ರೇಡಿಯೇಷನ್ ಮುಗಿಸಿ, ಹಾರ್ಮೋನ್ ತಗ್ಗಿಸೋ ಲೆಟ್ರೊಜೋಲ್ ಮಾತ್ರೆ ದಿನಕ್ಕೊಂದು ನುಂಗಿಕೊಂಡು ತಿಪಟೂರಿನಲ್ಲಿ ನನ್ನ ಪಾಡಿಗೆ ನಾನಿದ್ದೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋ ಕೆಲಸ. ನಾಲ್ಕು ವರ್ಷ ಕಳೆದ ಮೇಲೆ ಬೆನ್ನುನೋವು ಶುರುವಾಯಿತು, ಏನು ಮಾಡಿದರೂ ಹೋಗಲಿಲ್ಲ. ಬೆಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯಲ್ಲಿ, ಸೊಂಟದ ಮೂಳೆಯಲ್ಲಿ ಚುಕ್ಕೆಗಳು, ಲಿವರ್‌ನಲ್ಲಿ ಎರಡು ಗಡ್ಡೆ. ಲಿವರ್‌ಗೆ ಸೂಜಿ ಹಾಕಿ ಚೂರು ತೆಗೆದು ನೋಡಿದರು. ಹಳೆಯದೇ ವಾಪಸ್ ಬಂದಿತ್ತು. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಹಾರ್ಮೋನಿನ ಬಲದಿಂದ ಬೆಳೆಯೋ ಜಾತಿ; ಹರ್-2 ನೆಗೆಟಿವ್, ಅಂದರೆ ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇಲ್ಲದ್ದು.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಪೂರ್ತಿ ವಾಸಿ ಮಾಡೋಕೆ ಆಗಲ್ಲ ಅಮ್ಮ. ಎಷ್ಟು ದಿನ ಹತೋಟಿಯಲ್ಲಿ ಇಡಬಹುದೋ ಅಷ್ಟು ದಿನ ಇಡೋಣ" ಅಂದರು. ಆಮೇಲೆ ಒಂದು ಹಾಳೆ ತಗೊಂಡು ಗೆರೆ ಎಳೆದು ತೋರಿಸಿದರು.

ನನ್ನಂಥ ಕ್ಯಾನ್ಸರ್‌ಗೆ ಈಗ ಎರಡು ಮದ್ದು ಜೊತೆಯಾಗಿ ಕೊಡೋದು ರೂಢಿ. ಒಂದು ಫುಲ್ವೆಸ್ಟ್ರಾಂಟ್ ಇಂಜೆಕ್ಷನ್. ಹಾರ್ಮೋನ್ ಬಂದು ಕೂರುವ ರಿಸೆಪ್ಟರನ್ನೇ ಅದು ಹಾಳು ಮಾಡುತ್ತದೆ. ಇನ್ನೊಂದು ಪಾಲ್ಬೊಸಿಕ್ಲಿಬ್. ಜೀವಕೋಶ ಒಂದು ಎರಡಾಗೋದನ್ನು ಅದು ತಡೆಯುತ್ತದೆ. ಈ ಜೋಡಿಯೂ ಒಂದು ಕಾಲದಲ್ಲಿ ಹೆಂಗಸರ ಮೈಮೇಲೆ ಪರೀಕ್ಷೆಯಾಗಿಯೇ ಬಂದದ್ದು. ಪಲೋಮಾ-3 ಅನ್ನೋ ಅಧ್ಯಯನದಲ್ಲಿ 521 ಮಂದಿ ಇದ್ದರು. ಬರೀ ಇಂಜೆಕ್ಷನ್ ತಗೊಂಡವರಲ್ಲಿ ರೋಗ ಸುಮಾರು 4.6 ತಿಂಗಳು ಸುಮ್ನಿತ್ತು, ಎರಡೂ ತಗೊಂಡವರಲ್ಲಿ 9.5 ತಿಂಗಳು.

ಇದರ ಮುಂದಿನ ಕಥೆಯೇ ನನ್ನದು. ಇಂಥ ಕ್ಯಾನ್ಸರ್ ಇರುವ ಹತ್ತು ಜನರಲ್ಲಿ ಹತ್ತಿರ ಹತ್ತಿರ ನಾಲ್ಕು ಮಂದಿಗೆ ಗಡ್ಡೆಯಲ್ಲಿ ಪಿಐಕೆ3ಸಿಎ ಅನ್ನೋ ಜೀನ್ ಕೆಟ್ಟಿರುತ್ತದಂತೆ. ಆಗ ಎರಡು ದಾರಿ ಮುಚ್ಚಿದರೂ ಗಡ್ಡೆ ಮೂರನೇ ದಾರಿಯಿಂದ ಬೆಳೆಯುತ್ತದೆ. ಆ ದಾರಿ ಮುಚ್ಚೋ ಮಾತ್ರೆಗಳೂ ಇವೆ. ಬುಪರ್ಲಿಸಿಬ್ ಅನ್ನೋದೊಂದು ಅಡ್ಡಪರಿಣಾಮ ಜಾಸ್ತಿಯಾಗಿ ಅರ್ಧಕ್ಕೇ ನಿಂತುಹೋಯಿತು. ಆಲ್ಪೆಲಿಸಿಬ್ ಅನ್ನೋದು 2019ರಲ್ಲಿ ಗೆದ್ದಿತು. ಜೀನ್ ಕೆಟ್ಟವರಲ್ಲಿ, ಇಂಜೆಕ್ಷನ್ ಜೊತೆ ಕೊಟ್ಟಾಗ, ರೋಗ ತಡೆದಿಟ್ಟ ಕಾಲ 5.7 ತಿಂಗಳಿಂದ 11 ತಿಂಗಳಿಗೆ ಹೋಯಿತು. ಹಾಗಾದರೆ ಮೂರನ್ನೂ ಒಟ್ಟಿಗೆ ಕೊಟ್ಟರೆ ಏನಾಗುತ್ತದೆ? ಮನುಷ್ಯರು ತಡ್ಕೊಳ್ತಾರಾ? "ಅದನ್ನು ನೋಡೋ ಒಂದು ಟ್ರಯಲ್ ಇಲ್ಲೇ ನಡೀತಿದೆ. ಇಂಜೆಕ್ಷನ್, ಪಾಲ್ಬೊಸಿಕ್ಲಿಬ್ ಎಲ್ಲರಿಗೂ ಸಿಗುತ್ತೆ. ಮೂರನೇದು ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಡಮ್ಮಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ" ಅಂದರು ಡಾಕ್ಟರು.

ಮನೆಯಲ್ಲಿ ಹೇಳಿದಾಗ ನಮ್ಮ ನಾದಿನಿ ಹೌಹಾರಿದಳು. "ಅಲ್ಲ ಅತ್ತಿಗೆ, ನಿಮ್ಮನ್ನ ಇಲಿ ಮಾಡ್ಕೋತಾರಾ?" ಅಂದಳು. ಅವಳ ಭಯ ಸುಳ್ಳೇನಲ್ಲ. ನಮ್ಮ ದೇಶದಲ್ಲಿ ಹೇಳದೆ ಕೇಳದೆ ಪ್ರಯೋಗ ಮಾಡಿದ್ದಾರೆ ಅನ್ನೋ ದೂರುಗಳು ಕೋರ್ಟಿಗೆ ಹೋಗಿ, 2013ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರವನ್ನು ತರಾಟೆಗೆ ತಗೊಂಡಿತ್ತು. ನಿಯಮ ಬಿಗಿಯಾಗಿದ್ದು ಆಮೇಲೆ. ಈಗ ನಡೆಯೋದು 2019ರ ಹೊಸ ನಿಯಮದ ಮೇಲೆ. ಮಗ ಟ್ರಯಲ್‌ಗಳನ್ನೆಲ್ಲ ನೋಂದಾಯಿಸೋ ಸಿಟಿಆರ್‌ಐ ಅನ್ನೋ ಸರ್ಕಾರಿ ವೆಬ್‌ಸೈಟಿನಲ್ಲಿ ನಮ್ಮ ಟ್ರಯಲ್‌ನ ನಂಬರ್ ಹಾಕಿ ನೋಡಿದ. ಯಾವ ಆಸ್ಪತ್ರೆ, ಯಾವ ಡಾಕ್ಟರು, ಏನು ಅಳೀತಾರೆ ಅನ್ನೋದೆಲ್ಲ ಅಲ್ಲಿತ್ತು. 2009ರಿಂದ ಹೀಗೆ ನೋಂದಾಯಿಸೋದು ಕಡ್ಡಾಯ. ಯಾರು ಬೇಕಾದರೂ ನೋಡಬಹುದು, ದುಡ್ಡು ಕಾಸು ಬೇಕಿಲ್ಲ. ಟ್ರಯಲ್‌ಗೆ ಸೇರೋ ಮುಂಚೆ ಒಮ್ಮೆ ನೋಡಿಕೊಳ್ಳಿ ಅಂತ ಸಿಕ್ಕವರಿಗೆಲ್ಲ ಹೇಳ್ತಾ ಇರ್ತೀನಿ.

ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ದಪ್ಪಗೆ, ಜಮೀನು ಕ್ರಯಪತ್ರಕ್ಕಿಂತ ದೊಡ್ಡದು. ಮನೆಗೆ ತಗೊಂಡು ಹೋಗಿ ಓದಿಕೊಂಡು ಬನ್ನಿ ಅಂದರು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲಲ್ಲ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಉಂಟು. ಕೊನೆಯ ಪುಟದಲ್ಲಿ ನನ್ನ ಓದು, ಉದ್ಯೋಗ, ವಾರ್ಷಿಕ ಆದಾಯ, ಆಮೇಲೆ ನಾಮಿನಿ ಹೆಸರು. ಸಂಘದಲ್ಲಿ ಎಷ್ಟು ಜನರ ಠೇವಣಿ ಫಾರಂಗೆ ನಾಮಿನಿ ಹೆಸರು ಬರೆಸಿದೀನಿ ನಾನು. ಇಲ್ಲಿ ಬರೆಯೋವಾಗ ಮಾತ್ರ ನಮ್ಮೆಜಮಾನರು ಕಿಟಕಿ ಕಡೆ ನೋಡ್ತಾ ಕೂತುಬಿಟ್ಟರು. "ರೀ, ನಿಮ್ಮ ಹೆಸರೇ ಬರೀತಿರೋದು, ಇನಿಶಿಯಲ್ ಸರಿಯಾಗಿ ಹೇಳಿ" ಅಂದೆ.

ಯಾಕೆ ಸೇರಿದೆ ಅಂತ ಕೇಳಿದರೆ ನಿಜ ಹೇಳಿಬಿಡ್ತೀನಿ. ವಿಜ್ಞಾನಕ್ಕೆ ಸೇವೆ ಅಂತೆಲ್ಲ ಆಗ ತಲೆಯಲ್ಲಿ ಇರಲಿಲ್ಲ. ಪಾಲ್ಬೊಸಿಕ್ಲಿಬ್ ಪುಕ್ಕಟೆ ಸಿಗ್ತಿತ್ತು. ಆಗಿನ್ನೂ ಅದರ ಪೇಟೆಂಟ್ ಮುಗಿದಿರಲಿಲ್ಲ, ತಿಂಗಳ ಖರ್ಚು ನಮ್ಮ ಕೈಗೆಟುಕೋದಲ್ಲ. 2023ರ ಜನವರಿಯಲ್ಲಿ ಪೇಟೆಂಟ್ ಮುಗಿದು ನಮ್ಮ ದೇಶದ ಕಂಪನಿಗಳೂ ಮಾಡೋಕೆ ಶುರು ಮಾಡಿದ ಮೇಲೆ ಬೆಲೆ ದಬಕ್ಕನೆ ಇಳಿಯಿತು. ಒಪ್ಪಿಗೆ ಪತ್ರದಲ್ಲಿ 'ಸ್ವಇಚ್ಛೆಯಿಂದ' ಅಂತ ಸಹಿ ಮಾಡಿದೀನಿ, ಇಚ್ಛೆ ಇದ್ದದ್ದೂ ನಿಜ. ಆದರೆ ಆ ಮದ್ದು ಕೊಳ್ಳೋ ತಾಕತ್ತು ಇದ್ದಿದ್ದರೆ ಸೇರ್ತಿದ್ದೆನಾ? ಗೊತ್ತಿಲ್ಲ. ನಿಯಮ ಮಾಡೋರು ಇದನ್ನೂ ಸ್ವಲ್ಪ ಯೋಚಿಸಬೇಕು.

ಸಹಿ ಹಾಕಿದ ತಕ್ಷಣ ಮಾತ್ರೆ ಕೊಡಲ್ಲ. ಮೊದಲು ಸ್ಕ್ರೀನಿಂಗ್. ರಕ್ತ, ಇಸಿಜಿ, ಸಿಟಿ, ಬೋನ್ ಸ್ಕ್ಯಾನ್. ಸಕ್ಕರೆ ಕಾಯಿಲೆ ಇದೆಯಾ ಅಂತ ವಿಶೇಷವಾಗಿ ನೋಡಿದರು. ಈ ಮೂರನೇ ದಾರಿ ಇನ್ಸುಲಿನ್ ಕೆಲಸ ಮಾಡೋ ದಾರಿಯೂ ಹೌದಂತೆ. ಅದನ್ನು ಮುಚ್ಚಿದರೆ ಸಕ್ಕರೆ ಏರುತ್ತದೆ. ಅದಕ್ಕೇ ಶುಗರ್ ಇರೋರನ್ನು ಸೇರಿಸಿಕೊಳ್ತಿರಲಿಲ್ಲ. ಜೀನ್ ಕೆಟ್ಟಿದೆಯಾ ಅಂತ ನೋಡೋಕೆ ಗಡ್ಡೆಯ ಬ್ಲಾಕ್ ಬೇಕು ಅಂದರು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೊದಲು ಆಪರೇಷನ್ ಮಾಡಿಸಿಕೊಂಡ ಕಡೆ ಅದನ್ನು ಕೇಳೋಕೆ ಹೋದರೆ ಒಬ್ಬರು ಇನ್ನೊಬ್ಬರ ಟೇಬಲ್ ತೋರಿಸಿದರು. ಅರ್ಜಿ ಬರೆಸಿದರು, ಆಧಾರ್ ಜೆರಾಕ್ಸ್ ಕೇಳಿದರು, ನಾಳೆ ಬನ್ನಿ ಅಂದರು. ಸ್ಕ್ರೀನಿಂಗ್‌ಗೆ ಗಡುವು ಇರುತ್ತದೆ, ದಾಟಿದರೆ ಎಲ್ಲ ಮೊದಲಿಂದ. ಕೊನೆಗೆ ಬ್ಲಾಕ್ ಸಿಕ್ಕಿತು. ನನ್ನ ಮೈಯಿಂದ ತೆಗೆದದ್ದನ್ನು ನನಗೇ ಕೊಡೋಕೆ ಇಷ್ಟು ಸತಾಯಿಸಿದರಲ್ಲ ಅಂತ ಈಗಲೂ ಸಿಟ್ಟು ಬರುತ್ತೆ. ಜೀನ್ ಕೆಟ್ಟಿದೆ ಅಂತ ರಿಪೋರ್ಟ್ ಬಂತು. ಅಂಥ ಸುದ್ದಿಗೆ ಸಂತೋಷಪಟ್ಟೋಳು ನಾನೇ ಇರಬೇಕು.

ಯಾರಿಗೆ ಯಾವ ಮಾತ್ರೆ ಅನ್ನೋದನ್ನು ಕಂಪ್ಯೂಟರ್ ತೀರ್ಮಾನ ಮಾಡುತ್ತೆ. ಟ್ರಯಲ್‌ನ ಕೆಲಸ ನೋಡಿಕೊಳ್ಳೋ ಕೋಆರ್ಡಿನೇಟರ್ ಹುಡುಗಿ ನನ್ನ ನಂಬರ್ ಹಾಕಿ ಒಂದು ಬಟನ್ ಒತ್ತಿದಳು. ಒಂದು ಕಿಟ್ ನಂಬರ್ ಬಂತು. ಫಾರ್ಮಸಿಯಿಂದ ಆ ನಂಬರಿನ ಬಿಳಿ ಡಬ್ಬಿ ತಂದುಕೊಟ್ಟಳು. ಅಷ್ಟೇ. ದೇವಸ್ಥಾನದಲ್ಲಿ ಹೂ ಬಲಕ್ಕೆ ಬೀಳುತ್ತೋ ಎಡಕ್ಕೋ ಅಂತ ಕಾಯುವಾಗ ಕೊನೇ ಪಕ್ಷ ಯಾವ ಕಡೆ ಬಿತ್ತು ಅಂತಾದರೂ ಕಾಣುತ್ತೆ. ಇಲ್ಲಿ ಅದೂ ಇಲ್ಲ.

ಇಂಜೆಕ್ಷನ್ ವಿಷಯ ಹೇಳಲೇಬೇಕು. ಫುಲ್ವೆಸ್ಟ್ರಾಂಟ್ ಎರಡು ಸಿರಿಂಜ್, ಒಂದೊಂದರಲ್ಲೂ 250 ಮಿಲಿಗ್ರಾಂ, ಎರಡೂ ಪಿರ್ರೆಗೆ ಒಂದೊಂದು. ಮೊದಲ ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ನಾಲ್ಕು ವಾರಕ್ಕೊಮ್ಮೆ. ಮದ್ದು ಹರಳೆಣ್ಣೆಯಲ್ಲಿ ಕಲಸಿದ್ದು, ಜಿಗುಟು. ನರ್ಸಮ್ಮ ಫ್ರಿಡ್ಜಿನಿಂದ ತೆಗೆದ ಸಿರಿಂಜನ್ನು ಅಂಗೈಯಲ್ಲಿ ಉರುಳಿಸುತ್ತಾ ತಣುಪು ಬಿಡಿಸ್ತಿದ್ದರು. ಚುಚ್ಚಿದ ಮೇಲೂ ಒಂದೆರಡು ನಿಮಿಷ ನಿಧಾನವಾಗಿ ಒತ್ತಬೇಕು. "ಕಾಲು ಸಡಿಲ ಬಿಡಿ ಅಮ್ಮ, ಕಾಲು ಸಡಿಲ" ಅಂತ ಅವರು ಹೇಳ್ತಾ ಇರೋರು. ರಾತ್ರಿ ರೈಲಿನಲ್ಲಿ ವಾಪಸ್ ಬರೋವಾಗ ಯಾವ ಮಗ್ಗುಲಿಗೆ ಕೂತರೂ ನೋವು.

ಖಾಲಿ ಹೊಟ್ಟೆಯ ರಕ್ತ ಕೊಡಬೇಕಾಗಿದ್ದರಿಂದ ತಿಪಟೂರಿಂದ ಬೆಳಗ್ಗೆ ಏನೂ ತಿನ್ನದೆ ಹೊರಡ್ತಿದ್ದೆ. ತುಮಕೂರು ಸ್ಟೇಷನ್ನಿನಲ್ಲಿ ತಟ್ಟೆ ಇಡ್ಲಿಯವನು ಕಿಟಕಿ ಹತ್ತಿರವೇ ಬಂದು ಕೂಗೋನು. ಎಜಮಾನರೂ ನನ್ನ ಜೊತೆ ಉಪವಾಸ ಇರ್ತೀನಿ ಅಂತ ಶುರು ಮಾಡಿ, ಎರಡನೇ ಸಲಕ್ಕೇ ಕೈಬಿಟ್ಟರು. ಒಳ್ಳೇದೇ ಆಯಿತು, ಅವರ ತಲೆಸುತ್ತು ಯಾರು ನೋಡ್ಕೋತಾರೆ?

ಮೊದಲ ತಿಂಗಳೊಳಗೇ ನನ್ನ ಶುಗರ್ ಏರಿತು. ಮನೆಯಲ್ಲಿ ಚುಚ್ಚಿ ನೋಡೋಕೆ ಗ್ಲುಕೋಮೀಟರ್ ಕೊಟ್ಟಿದ್ದರು. ಒಂದು ಬೆಳಗ್ಗೆ 164 ತೋರಿಸಿತು. ಮೆಟ್‌ಫಾರ್ಮಿನ್ ಶುರು ಮಾಡಿದರು. ಬೇರೆ ಸಮಯದಲ್ಲಾಗಿದ್ದರೆ ಅತ್ತುಬಿಡ್ತಿದ್ದೆ. ಆವತ್ತು ಒಳಗೊಳಗೇ ಖುಷಿ. ನನ್ನದು ಡಮ್ಮಿ ಅಲ್ಲ, ನಿಜವಾದದ್ದೇ! ಡಾಕ್ಟರ ಮುಖ ನೋಡಿದೆ, ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಶುಗರ್ ನೂರೆಂಟು ಕಾರಣಕ್ಕೆ ಏರುತ್ತೆ ಅಮ್ಮ" ಅಂದರು ಅಷ್ಟೇ.

ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ದ ನಾವೆಲ್ಲ ಇದೇ ಲೆಕ್ಕ ಹಾಕ್ತಿದ್ದೆವು. ಅಧ್ಯಯನದ ಗುಟ್ಟು ಡಾಕ್ಟರ ರೂಮಿನಲ್ಲಿ ಭದ್ರವಾಗಿತ್ತು, ಬೆಂಚಿನ ಮೇಲೆ ಮಾತ್ರ ಇರಲಿಲ್ಲ. ಯಾರಿಗೆ ಬಾಯಿ ಹುಣ್ಣಾಗಿದೆ, ಯಾರಿಗೆ ಭೇದಿ, ಯಾರ ಶುಗರ್ ಎಷ್ಟು. ಹುಬ್ಬಳ್ಳಿ ಕಡೆಯ ಒಬ್ಬರು ದಿನಾ ಬೇಜಾರು ಮಾಡ್ಕೊಳ್ಳೋರು. "ನಂದು ಖಾಲಿ ಗುಳಿಗೀನ ಐತ್ರೀ ಅಕ್ಕಾರ. ಶುಗರ್ ಒಂದ್ ಪಾಯಿಂಟ್ ಏರಿಲ್ಲ ನೋಡ್ರಿ. ಅಷ್ಟು ದೂರದಿಂದ ಬಂದ್ ಏನ್ ಉಪಯೋಗ?" ಅನ್ನೋರು. ನಾನು ನನ್ನ 164ರ ಗತ್ತಿನಲ್ಲಿ ಅವರಿಗೆ ಸಮಾಧಾನ ಹೇಳ್ತಿದ್ದೆ.

ಬಾಯಿ ಹುಣ್ಣು ನನಗೂ ಆಯಿತು. ಸ್ಟೆರಾಯ್ಡ್ ಬೆರೆಸಿದ ನೀರು ಕೊಟ್ಟರು, ಬಾಯಲ್ಲಿ ಇಟ್ಟುಕೊಂಡು ಉಗುಳಬೇಕು. ಖಾರ ಪೂರ್ತಿ ಬಂದ್. ಮಜ್ಜಿಗೆ ಅನ್ನ, ಮೆತ್ತಗೆ ಬೆಂದ ಮುದ್ದೆ, ಸಪ್ಪೆ ಬೇಳೆಕಟ್ಟು. ತಿನ್ನಬಾರದ್ದರ ಪಟ್ಟಿಯಲ್ಲಿ ಗ್ರೇಪ್‌ಫ್ರೂಟ್ ಅಂತ ದ್ರಾಕ್ಷಿಹಣ್ಣಿನ ಹೆಸರಿನ ಯಾವುದೋ ಪರದೇಶದ ಹಣ್ಣಿತ್ತು, ನಮಗೇನು ಅಂತ ಬಿಟ್ಟಿದ್ದೆ. ಒಂದು ಸಲ ದೇವನಹಳ್ಳಿ ನೆಂಟರು ಚಕ್ಕೋತ ಕೊಟ್ಟಿದ್ದು ಚೀಲದಲ್ಲಿತ್ತು. ಕೋಆರ್ಡಿನೇಟರ್ ಹುಡುಗಿ ನೋಡಿ, "ಅಮ್ಮಾ, ಇದೂ ಅದೇ ಜಾತಿ! ಇದನ್ನ ತಿಂದ್ರೆ ಕರುಳಿನಲ್ಲಿ ಮದ್ದು ಒಡೆಯೋದು ಕಮ್ಮಿ ಆಗಿ ರಕ್ತದಲ್ಲಿ ಮದ್ದು ಜಾಸ್ತಿ ಆಗ್ಬಿಡುತ್ತೆ" ಅಂತ ಕಸಿದುಕೊಂಡಳು. ಸಂಜೆ ಅವಳೂ ನರ್ಸಮ್ಮನೂ ಉಪ್ಪು ಖಾರ ಹಾಕ್ಕೊಂಡು ತಿಂದರು ಅಂತ ಆಮೇಲೆ ತಿಳಿಯಿತು.

ಪಾಲ್ಬೊಸಿಕ್ಲಿಬ್ ಮೂರು ವಾರ ನುಂಗಿ ಒಂದು ವಾರ ಬಿಡೋದು. ಆ ಬಿಡುವಿನ ವಾರ ರಕ್ತಕ್ಕೆ. ಬಿಳಿ ರಕ್ತಕಣದಲ್ಲಿ ನ್ಯೂಟ್ರೊಫಿಲ್ ಅನ್ನೋದು 1000ಕ್ಕಿಂತ ಕೆಳಗಿದ್ದರೆ ಮುಂದಿನ ಸುತ್ತು ಶುರು ಮಾಡಲ್ಲ. "ಕೌಂಟ್ ಬಂದಿಲ್ಲ, ಮುಂದಿನ ವಾರ ಬನ್ನಿ" ಅಂದರೆ ಅಷ್ಟು ದೂರ ಬಂದದ್ದು ದಂಡ. ರೈಲು ಬಸ್ಸಿನ ದುಡ್ಡು ಕೊಡ್ತಿದ್ದರು, ಟಿಕೆಟ್ ಜೋಪಾನ ಮಾಡಬೇಕಿತ್ತು.

ಇನ್ನು ಡೈರಿ. ದಿನಾ ಮಾತ್ರೆ ನುಂಗಿದ ಹೊತ್ತು ಬರೆದು ಖಾಲಿ ಡಬ್ಬಿ, ಉಳಿದ ಮಾತ್ರೆ ವಾಪಸ್ ತರಬೇಕು. ಆ ಹುಡುಗಿ ನೀಲಿ ತಟ್ಟೆ ಮೇಲೆ ಸುರಿದು ಒಂದೊಂದೇ ಎಣಿಸೋಳು. ಡೈರಿಗೂ ಎಣಿಕೆಗೂ ತಾಳೆ ಆಗಬೇಕು. ಒಂದು ದಿನ ಎಂಟು ಗಂಟೆ ಅನ್ನೋದನ್ನು ಒಂಬತ್ತು ಅಂತ ತಿದ್ದಬೇಕಾಗಿತ್ತು. "ವೈಟ್ನರ್ ಹಾಕ್ಬೇಡಿ, ಒಂದೇ ಗೆರೆ ಎಳೀರಿ, ಕೆಳಗಿನ ಅಕ್ಷರ ಕಾಣಬೇಕು, ಪಕ್ಕದಲ್ಲಿ ಸಹಿ ತಾರೀಕು ಹಾಕಿ" ಅಂದಳು. ನನಗೆ ನಗು ಬಂತು. ಸಂಘದ ಆಡಿಟರು ಹೇಳೋದು ಇದೇ ಮಾತು. ಟ್ರಯಲ್ ನಡೆಸೋ ಮದ್ದಿನ ಕಂಪನಿ ಕಡೆಯಿಂದ ಮಾನಿಟರ್ ಅಂತ ಒಬ್ಬರು ಬಂದು ಒಂದೊಂದು ಹಾಳೆ ತಿರುವಿ ಹಾಕೋ ದಿನ ಅವಳ ಮುಖ ಸಣ್ಣಗಾಗಿರೋದು. ಅವಳ ಸಂಕಟ ಆ ಬೆಂಚಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಅರ್ಥ ಆಗಿರಲಿಕ್ಕಿಲ್ಲ.

ಪ್ರಶ್ನಾವಳಿಯೂ ಇತ್ತು. ಮೂವತ್ತು ಪ್ರಶ್ನೆ, ಲೋಕವೆಲ್ಲ ಇದನ್ನೇ ಬಳಸ್ತಾರಂತೆ. ಭಾರದ ಚೀಲ ಎತ್ತೋಕೆ ಕಷ್ಟವಾ, ದೂರ ನಡೆಯೋಕೆ ಕಷ್ಟವಾ. 'ಇಲ್ಲವೇ ಇಲ್ಲ' ಇಂದ 'ತುಂಬಾ' ವರೆಗೆ ನಾಲ್ಕು ಉತ್ತರ. ಸ್ತನ ಕ್ಯಾನ್ಸರ್‌ಗೇ ಅಂತ ಇರೋ ಇನ್ನೊಂದು ಹಾಳೆಯಲ್ಲಿ ಗಂಡ ಹೆಂಡತಿ ವಿಷಯವೂ ಇದೆ. ಎಜಮಾನರು ಪಕ್ಕದಲ್ಲೇ ಕೂತಿದ್ದರು. "ಕಾಫಿ ತಗೊಂಡು ಬನ್ರೀ" ಅಂತ ಕಳಿಸಿ ಟಿಕ್ ಹಾಕಿದೆ.

ಎಂಟು ವಾರಕ್ಕೊಂದು ಸ್ಕ್ಯಾನ್. ಇಲ್ಲಿ ಪಾಸು ಫೇಲು ಹೇಗೆ ಅಂತ ಡಾಕ್ಟರನ್ನು ಕೇಳಿ ಕೇಳಿ ತಿಳ್ಕೊಂಡೆ. ಅಳೆಯೋಕೆ ಬರೋ ಗಡ್ಡೆಗಳನ್ನು ಮೊದಲೇ ಗುರುತು ಮಾಡ್ತಾರೆ, ಹೆಚ್ಚೆಂದರೆ ಐದು, ಒಂದು ಅಂಗಕ್ಕೆ ಎರಡು. ನನ್ನ ಮೂಳೆಯ ಚುಕ್ಕೆಗಳಿಗೆ ಅಳತೆಯ ಲೆಕ್ಕ ಇಲ್ಲ. ಲಿವರ್‌ನ ಎರಡು ಗಡ್ಡೆಗಳ ಅಡ್ಡಳತೆ ಕೂಡಿಸಿದರೆ ಮೊದಲು 62 ಮಿಲಿಮೀಟರ್. ಮೊತ್ತ ಶೇಕಡಾ 30ರಷ್ಟು ಇಳಿದರೆ ಮದ್ದು ಕೆಲಸ ಮಾಡಿದೆ ಅಂತ ಅರ್ಥ. ಅತಿ ಕಡಿಮೆ ಇದ್ದಾಗಿನ ಅಳತೆಯಿಂದ ಶೇಕಡಾ 20 ಏರಿದರೆ, ಅದೂ ಕನಿಷ್ಠ 5 ಮಿಲಿಮೀಟರ್ ಇದ್ದರೆ, ರೋಗ ಬೆಳೆದಿದೆ ಅಂತ. ಹೊಸ ಗಡ್ಡೆ ಕಂಡರೂ ಹಾಗೇ. ಎರಡನೇ ಸ್ಕ್ಯಾನಿಗೆ ನನ್ನದು 41ಕ್ಕೆ ಬಂತು. ಡಾಕ್ಟರು ಬಾಯಿಬಿಡೋ ಮುಂಚೆಯೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ, ನೂರಕ್ಕೆ 33 ಚಿಲ್ಲರೆ. ಬೆನ್ನುನೋವೂ ಅಷ್ಟು ಹೊತ್ತಿಗೆ ಕಮ್ಮಿಯಾಗಿತ್ತು. ಆ ಸಲದ ಹಬ್ಬಕ್ಕೆ ನಾನೇ ಕೂತು ಒಬ್ಬಟ್ಟು ತಟ್ಟಿದೆ. ತಿಂದದ್ದು ಅರ್ಧ, ಶುಗರ್ ಭಯಕ್ಕೆ.

ನಡುವೆ ಡೆಂಗಿ ಬಂತು. ತಿಪಟೂರಿನಲ್ಲೇ ಅಡ್ಮಿಟ್ ಮಾಡಿದರು. ಫೋನ್ ಮಾಡಿ ಹೇಳಿದ್ದೇ ತಡ, ಆ ಹುಡುಗಿ ಡಿಸ್ಚಾರ್ಜ್ ಸಮ್ಮರಿ, ಪ್ಲೇಟ್‌ಲೆಟ್ ರಿಪೋರ್ಟ್ ಎಲ್ಲ ವಾಟ್ಸಾಪ್‌ನಲ್ಲಿ ತರಿಸಿಕೊಂಡಳು. ಟ್ರಯಲ್‌ನಲ್ಲಿ ಇರೋರು ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಅದು ಗಂಭೀರ ಘಟನೆ. 24 ಗಂಟೆಯೊಳಗೆ ದೆಹಲಿಯ ಔಷಧ ನಿಯಂತ್ರಣದವರಿಗೆ, ಕಂಪನಿಗೆ, ಟ್ರಯಲ್‌ಗೆ ಸೇರಿದವರ ಹಿತ ನೋಡೋ ಎಥಿಕ್ಸ್ ಕಮಿಟಿಗೆ ವರದಿ ಹೋಗಬೇಕು. ಮದ್ದಿಗೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಅನ್ನೋದು ಆಮೇಲಿನ ಮಾತು. "ತಿಪಟೂರು ಸೊಳ್ಳೆ ಕಚ್ಚಿದ್ದು ದೆಹಲಿಗೆ ಗೊತ್ತಾಯ್ತು. ಚರಂಡಿ ಕ್ಲೀನ್ ಮಾಡಿ ಅಂತ ಎಷ್ಟು ಅರ್ಜಿ ಕೊಟ್ಟರೂ ನಮ್ಮೂರೋರಿಗೇ ಗೊತ್ತಾಗಲ್ಲ" ಅಂದರು ಎಜಮಾನರು. ಕೌಂಟ್ ಸುಧಾರಿಸೋವರೆಗೂ ಮಾತ್ರೆ ನಿಲ್ಲಿಸಿದ್ದರು.

ಒಂದು ವರ್ಷ ದಾಟಿ ಎಷ್ಟೋ ತಿಂಗಳು ಹೀಗೇ ನಡೆಯಿತು. ಆಮೇಲಿನ ಒಂದು ಸ್ಕ್ಯಾನಿನಲ್ಲಿ 38ಕ್ಕೆ ಇಳಿದಿದ್ದ ಮೊತ್ತ 47ಕ್ಕೆ ಹೋಗಿತ್ತು. ಈ ಸಲದ ಲೆಕ್ಕವನ್ನೂ ನಾನೇ ಹಾಕಿದೆ, ನೂರಕ್ಕೆ 23 ಚಿಲ್ಲರೆ. ಒಂಬತ್ತು ಮಿಲಿಮೀಟರ್ ಅಂದರೆ ಬೆರಳಿನ ಉಗುರಿನಷ್ಟೂ ಇಲ್ಲ. ನಿಯಮ ಅಂದರೆ ನಿಯಮ. ಮಾತ್ರೆ ನಿಲ್ಲಿಸಿದರು, ಉಳಿದದ್ದನ್ನು ಎಣಿಸಿ ವಾಪಸ್ ಪಡೆದರು. "ಈಗಲಾದರೂ ಹೇಳಿ ಡಾಕ್ಟ್ರೇ, ಯಾವುದು ನುಂಗಿದ್ದು ನಾನು?" ಅಂದೆ. ಜೀವಕ್ಕೆ ಅಪಾಯ ಬಂದು, ಗೊತ್ತಾಗದೆ ಚಿಕಿತ್ಸೆ ಮಾಡೋಕೇ ಆಗಲ್ಲ ಅನ್ನೋ ಹೊತ್ತಿನಲ್ಲಿ ಮಾತ್ರ ಗುಟ್ಟು ಒಡೆಯಬಹುದಂತೆ. ಇಲ್ಲದಿದ್ದರೆ ಇಡೀ ಅಧ್ಯಯನ ಮುಗಿಯೋವರೆಗೂ ಇಲ್ಲ.

ಇಂಥದ್ದೇ ಮೂರು ಮದ್ದಿನ ಅಧ್ಯಯನ ಇನಾವೋ120 ಅಂತ. ಅದರ ಫಲಿತಾಂಶ 2024ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಮಗ ಅದನ್ನು ಕಳಿಸಿ, ಫೋನಿನಲ್ಲಿ ಬಿಡಿಸಿ ಹೇಳಿದ. ನನ್ನದು ಅದೇನಾ ಬೇರೆಯದಾ ಅನ್ನೋದನ್ನು ಇಲ್ಲಿ ಬರೆಯಲ್ಲ. 325 ಮಂದಿ. ಎರಡು ಮದ್ದು, ಜೊತೆಗೆ ಡಮ್ಮಿ ತಗೊಂಡವರಲ್ಲಿ ರೋಗ 7.3 ತಿಂಗಳು ತಡೆದರೆ, ಇನಾವೋಲಿಸಿಬ್ ಅನ್ನೋ ಮೂರನೇದೂ ಸೇರಿದವರಲ್ಲಿ 15 ತಿಂಗಳು. ಮರುವರ್ಷ ಬದುಕಿದ ಕಾಲದ ಲೆಕ್ಕವೂ ಬಂತು, 27 ತಿಂಗಳ ಎದುರು 34. ನನ್ನ ಕಣ್ಣು ಹೋದದ್ದು ಸಕ್ಕರೆಯ ಸಾಲಿಗೆ. ನಿಜವಾದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ ಸುಮಾರು 59 ಮಂದಿಗೆ ಸಕ್ಕರೆ ಏರಿತ್ತು. ಡಮ್ಮಿಯವರಲ್ಲೂ ಸುಮಾರು 9 ಮಂದಿಗೆ. ಅಂದರೆ ನೂರಕ್ಕೆ ಸುಮಾರು 41 ಮಂದಿ ನಿಜವಾದದ್ದು ನುಂಗಿಯೂ ಸಕ್ಕರೆ ಏರಿಸಿಕೊಂಡಿರಲಿಲ್ಲ. ಹುಬ್ಬಳ್ಳಿ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹಂಗಾರ ನಿಮ್ಮದೂ ಗ್ಯಾರಂಟಿ ಇಲ್ಲ ಅಂದಂಗಾತಲ್ರೀ" ಅಂದರು! ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಈಗ ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ ನಡೀತಿದೆ. ಅಂಗಾಲು ಸುಡುತ್ತೆ, ಕೊಬ್ಬರಿ ಎಣ್ಣೆಗೆ ನಮ್ಮೂರಲ್ಲಿ ಬರವಿಲ್ಲ. ಟ್ರಯಲ್ ಬಿಟ್ಟರೂ ಮೂರು ತಿಂಗಳಿಗೊಮ್ಮೆ ಆ ಹುಡುಗಿ ಫೋನ್ ಮಾಡ್ತಾಳೆ. 27, 34 ಅಂತ ಬರೋ ತಿಂಗಳುಗಳ ಲೆಕ್ಕ ಇಂಥ ಫೋನುಗಳಿಂದಲೇ ಆಗೋದು. ಅವಳು ಮೊದಮೊದಲು "ಆರೋಗ್ಯನಾ ಅಮ್ಮ, ಊಟ ಆಯ್ತಾ, ಮಳೆ ಹೇಗಿದೆ" ಅಂತ ಸುತ್ತು ಹಾಕೋಳು. "ಬದುಕಿದೀರಾ ಅಂತ ನೇರವಾಗಿ ಕೇಳಮ್ಮ, ನಾನೇನೂ ಅಂದ್ಕೊಳ್ಳಲ್ಲ" ಅಂತ ಒಂದು ಸಲ ಅಂದೆ. "ಹಾಗೆಲ್ಲ ಕೇಳೋಕಾಗುತ್ತಾ?" ಅಂತ ಬೈದಳು. ಮೊನ್ನೆಯೂ ಮಾಡಿದ್ದಳು. ಹೊಸ ಮದ್ದಿನ ಹೆಸರು, ಶುರು ಮಾಡಿದ ತಾರೀಕು ಬರೆದುಕೊಂಡಳು. ಅವಳ ಮದುವೆ ಗೊತ್ತಾಗಿದೆಯಂತೆ, ಕೊಬ್ಬರಿ ರೇಟು ವಿಚಾರಿಸಿದಳು. ಇನ್ನೊಂದೆರಡು ವಾರ ತಡಿ, ಇಳಿಯೋ ಹಾಗಿದೆ, ನಾನೇ ಮಾರ್ಕೆಟ್‌ನಲ್ಲಿ ಹೇಳಿ ಕೊಡಿಸ್ತೀನಿ ಅಂದಿದೀನಿ.